ಪಿಡಿಎಫ್ ಫಾರಂಗಳನ್ನು ಕೋಡ್ ಬರೆದು ತುಂಬಿಸಿ, ಒಂದೇ ಫೈಲ್ ಮಾಡುವುದು ಹೇಗೆ?

ಮೂರು ಪ್ರಶ್ನೆಗಳು ಪದೇ ಪದೇ ಬರುತ್ತಿವೆ. "ಕೋಡ್‌ನಿಂದ ಫಾರಂ ತುಂಬಿಸಿದೆ, ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಕಾಣುತ್ತದೆ, ಫೋನಿಗೆ ಕಳಿಸಿದರೆ ಎಲ್ಲಾ ಖಾಲಿ." "ಇನ್ನೂರು ಅರ್ಜಿ ಒಟ್ಟು ಸೇರಿಸಿದೆ, ಇನ್ನೂರರಲ್ಲೂ ಒಬ್ಬರದೇ ಹೆಸರು ಬಂತು." "ಇಂಗ್ಲಿಷ್ ಚೆನ್ನಾಗಿ ಬೀಳುತ್ತದೆ, ಕನ್ನಡ ಹಾಕಿದರೆ ಬರೀ ಚೌಕಗಳು." ಕೇಳುವವರು ಶಾಲೆಯ ಕಚೇರಿಯವರು, ಸಹಕಾರ ಸಂಘದವರು, ಆಡಿಟರ್ ಬಳಿ ಕೆಲಸ ಮಾಡುವವರು, ಈಗಷ್ಟೇ ಪೈಥಾನ್ ಕಲಿತವರು. ಮೂರಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದು ಕೆಲಸ ಇಟ್ಟುಕೊಳ್ಳೋಣ. ಹಾಸ್ಟೆಲ್ ಪ್ರವೇಶದ ಅರ್ಜಿ, 3 ಪುಟದ್ದು. ಎಕ್ಸೆಲ್ ಹಾಳೆಯಲ್ಲಿ 200 ವಿದ್ಯಾರ್ಥಿಗಳ ವಿವರ ಇದೆ. 200 ಅರ್ಜಿ ತುಂಬಬೇಕು, ಒಂದೇ ಪಿಡಿಎಫ್ ಮಾಡಿ ಪ್ರಿಂಟ್ ತೆಗೆಯಬೇಕು.

ಆಜ್ಞೆಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ನಡುವೆ ಅಡಿಗೆರೆ ಇದ್ದಲ್ಲಿ ಅಂಡರ್‌ಸ್ಕೋರ್ ಹಾಕಬೇಕು.

ಮೊದಲು ಇದೊಂದು ಅರ್ಥವಾಗಲಿ

ಪಿಡಿಎಫ್ ಫಾರಂನಲ್ಲಿ ತುಂಬುವ ಪ್ರತಿಯೊಂದು ಜಾಗಕ್ಕೂ ಫೀಲ್ಡ್ ಅನ್ನುತ್ತಾರೆ. ಪ್ರತಿ ಫೀಲ್ಡ್‌ಗೂ ಒಂದು ಹೆಸರು ಇರುತ್ತದೆ. ಅದು ಕಾಗದದ ಮೇಲೆ ಕಾಣುವುದಿಲ್ಲ, ಫೈಲಿನ ಒಳಗೆ ಇರುತ್ತದೆ. ಆ ಹೆಸರು ಹಿಡಿದೇ ಕೋಡ್ ಕೆಲಸ ಮಾಡುವುದು.

ಫೀಲ್ಡ್ ಒಳಗೆ ಎರಡು ಬೇರೆ ಬೇರೆ ಸಂಗತಿ ಇರುತ್ತವೆ. ಒಂದು ಬೆಲೆ, ಅಂದರೆ ಅಲ್ಲಿ ತುಂಬಿದ ಮಾಹಿತಿ. ಇನ್ನೊಂದು ರೂಪ, ಅಂದರೆ ಆ ಮಾಹಿತಿ ಪುಟದ ಮೇಲೆ ಹೇಗೆ ಕಾಣಬೇಕು ಅನ್ನುವ ಚಿತ್ರ. ಇಂಗ್ಲಿಷ್‌ನಲ್ಲಿ ಇದಕ್ಕೆ ಅಪಿಯರೆನ್ಸ್ ಸ್ಟ್ರೀಮ್ ಅನ್ನುತ್ತಾರೆ. ಬೆಲೆ ಬದಲಾಯಿಸಿದ ಮಾತ್ರಕ್ಕೆ ರೂಪ ತಾನಾಗಿ ಬದಲಾಗುವುದಿಲ್ಲ.

ಮೊದಲ ಪ್ರಶ್ನೆಯ ಮೂಲ ಇರುವುದು ಇಲ್ಲೇ. ನಿಮ್ಮ ಕೋಡ್ ಬೆಲೆಯನ್ನು ಮಾತ್ರ ಬರೆದಿರುತ್ತದೆ. ಅಡೋಬ್ ರೀಡರ್‌ನಂಥ ತಂತ್ರಾಂಶ ಅದನ್ನು ಓದಿ, ರೂಪವನ್ನು ತಾನೇ ಬರೆದುಕೊಂಡು ತೋರಿಸುತ್ತದೆ. ಎಷ್ಟೋ ಫೋನ್ ಆ್ಯಪ್‌ಗಳು ಆ ಕೆಲಸ ಮಾಡುವುದಿಲ್ಲ, ಹಳೆಯ ಖಾಲಿ ರೂಪವನ್ನೇ ತೋರಿಸುತ್ತವೆ. ಮಾಹಿತಿ ಎಲ್ಲೂ ಕಳೆದುಹೋಗಿರುವುದಿಲ್ಲ, ಕಾಣುವುದಿಲ್ಲ ಅಷ್ಟೇ.

ಹಾಗಾಗಿ ಕೆಲಸದ ಕ್ರಮ ಹೀಗಿರಬೇಕು: ತುಂಬಿಸು, ರೂಪ ಬರೆ, ಅಚ್ಚೊತ್ತು (ಅಂದರೆ ರೂಪವನ್ನು ಪುಟದ ಮೇಲೇ ಬರೆದು ಫೀಲ್ಡ್ ತೆಗೆದುಬಿಡು), ಆಮೇಲೆ ಸೇರಿಸು. ಈ ಕ್ರಮ ತಪ್ಪಿದಾಗಲೇ ಮೇಲಿನ ತೊಂದರೆಗಳು ಜಾಸ್ತಿ ಬರುವುದು.

ಏನೇನು ಬೇಕು?

ಪೈಥಾನ್, ಅದರ ಪೈಪಿಡಿಎಫ್ ಲೈಬ್ರರಿ (ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಮತ್ತು ಅಚ್ಚೊತ್ತಲು ಕ್ಯೂಪಿಡಿಎಫ್ ಎಂಬ ಚಿಕ್ಕ ತಂತ್ರಾಂಶ. ಕನ್ನಡ ತುಂಬಬೇಕಿದ್ದರೆ ಎಫ್‌ಪಿಡಿಎಫ್2, ಯುಹಾರ್ಫ್‌ಬಝ್ ಎಂಬ ಇನ್ನೆರಡು ಲೈಬ್ರರಿ ಮತ್ತು ನೋಟೊ ಸ್ಯಾನ್ಸ್ ಕನ್ನಡ ಫಾಂಟ್. ಎಲ್ಲವೂ ಉಚಿತ.

ಹಳೆಯ ಪಾಠಗಳನ್ನು ನೋಡಿ ಕೋಡ್ ನಕಲು ಮಾಡುವವರು ಒಂದು ವಿಷಯ ಗಮನಿಸಿ. ಪೈಪಿಡಿಎಫ್2 ಎಂದು ಒಂದು ಇತ್ತು. 2022ರ ಕೊನೆಗೆ ಆ ಯೋಜನೆ ಮತ್ತೆ ಪೈಪಿಡಿಎಫ್ ಎಂಬ ಹೆಸರಿಗೇ ಮರಳಿತು. ಹೆಸರಿನ ಕೊನೆಯಲ್ಲಿ 2 ಇರುವುದು ಹಳೆಯದು. ಪಿಡಿಎಫ್‌ಫೈಲ್‌ರೀಡರ್, ಪಿಡಿಎಫ್‌ಮರ್ಜರ್ ಎಂಬ ಹೆಸರುಗಳು ಕೋಡ್‌ನಲ್ಲಿ ಕಂಡರೆ ಆ ಪಾಠವನ್ನು ಬಿಡಿ. ಈಗ ಬೇಕಾಗಿರುವುದು ಪಿಡಿಎಫ್‌ರೀಡರ್ ಮತ್ತು ಪಿಡಿಎಫ್‌ರೈಟರ್, ಎರಡೇ.

ಜಾವಾ ಬಳಸುವವರಿಗೆ ಅಪಾಚೆ ಪಿಡಿಎಫ್‌ಬಾಕ್ಸ್ ಇದೆ. ಐಟೆಕ್ಸ್ಟ್ ಕೂಡ ಒಳ್ಳೆಯದೇ, ಆದರೆ ಅದರ ಉಚಿತ ಆವೃತ್ತಿ ಎಜಿಪಿಎಲ್ ಪರವಾನಗಿಯಲ್ಲಿದೆ, ಅಂದರೆ ನಿಮ್ಮ ಕೋಡನ್ನೂ ತೆರೆದಿಡಬೇಕು ಎನ್ನುವ ಥರದ ಪರವಾನಗಿ. ಅದನ್ನು ಬಳಸಿ ಮಾರಾಟದ ತಂತ್ರಾಂಶ ಮಾಡುವ ಮುಂಚೆ ಷರತ್ತುಗಳನ್ನು ಓದಿಕೊಳ್ಳಿ.

ಹಂತ 1: ನಿಮ್ಮ ಫಾರಂ ಯಾವ ಜಾತಿಯದು ನೋಡಿ

ಇದನ್ನು ಬಿಟ್ಟು ಮುಂದೆ ಹೋದವರು ಎರಡು ದಿನ ಸುಮ್ನೆ ಕಳೆಯುತ್ತಾರೆ. ಪಿಡಿಎಫ್‌ರೀಡರ್‌ನಿಂದ ಫಾರಂ ತೆರೆದು ಗೆಟ್_ಫೀಲ್ಡ್ಸ್ ಕರೆಯಿರಿ. ಬರುವ ಉತ್ತರ ನೋಡಿ ತೀರ್ಮಾನಿಸಿ.

ಫೀಲ್ಡ್‌ಗಳ ಪಟ್ಟಿ ಬಂತು ಅಂದರೆ ಅದು ಆಕ್ರೋಫಾರಂ. 1996ರಿಂದ ಪಿಡಿಎಫ್‌ನಲ್ಲಿರುವ ಸಾಮಾನ್ಯ ಫಾರಂ ಇದು. ಈ ಲೇಖನ ಇದರ ಬಗ್ಗೆಯೇ.

ಏನೂ ಬರಲಿಲ್ಲ ಅಂದರೆ ಅದು ಬರೀ ಚಿತ್ರ ಅಥವಾ ಬರೀ ಪಠ್ಯ. ಸ್ಕ್ಯಾನ್ ಮಾಡಿದ ಅರ್ಜಿಗಳು ಹೀಗೇ ಇರುತ್ತವೆ. ಅಂಥದ್ದಕ್ಕೆ ಹಂತ 5ರ ದಾರಿಯಲ್ಲಿ ಮೇಲಿಂದ ಅಕ್ಷರ ಕೂರಿಸಬೇಕು. ಇಲ್ಲವೇ ಲಿಬ್ರೆಆಫೀಸ್ ರೈಟರ್‌ನಲ್ಲಿ ಫೀಲ್ಡ್‌ಗಳಿರುವ ಫಾರಂ ಹೊಸದಾಗಿ ಮಾಡಿ ಪಿಡಿಎಫ್ ಆಗಿ ಉಳಿಸಿ. ಅರ್ಜಿ ನಿಮ್ಮದೇ ಸಂಸ್ಥೆಯದಾದರೆ ನಾನಂತೂ ಇದನ್ನೇ ಹೇಳುತ್ತೇನೆ. ಅರ್ಧ ದಿನದ ಕೆಲಸ, ವರ್ಷವಿಡೀ ಉಪಯೋಗ.

ಮೂರನೆಯದು ಎಕ್ಸ್‌ಎಫ್‌ಎ. ಹೊರಗಡೆ ಪಿಡಿಎಫ್, ಒಳಗಡೆ ಬೇರೆಯೇ ಒಂದು ಫಾರಂ ವ್ಯವಸ್ಥೆ. ಬ್ರೌಸರ್‌ನಲ್ಲಿ ತೆರೆದಾಗ ಫಾರಂ ಬದಲು "ದಯವಿಟ್ಟು ಕಾಯಿರಿ" ಎಂಬ ಇಂಗ್ಲಿಷ್ ಸೂಚನೆ ಮಾತ್ರ ಕಂಡರೆ ಇದೇ ಅಂತ ಅನುಮಾನಪಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಹಳೆಯ ಇ-ಫಾರಂಗಳನ್ನು ತುಂಬಿದವರಿಗೆ ಇದು ಗೊತ್ತಿರುತ್ತದೆ. 2017ರ ಪಿಡಿಎಫ್ 2.0 ಮಾನದಂಡವು ಎಕ್ಸ್‌ಎಫ್‌ಎಯನ್ನು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಪೂರ್ತಿ ಎಕ್ಸ್‌ಎಫ್‌ಎ ಆಗಿರುವ ಫಾರಂ ಪೈಪಿಡಿಎಫ್‌ನಿಂದ ತುಂಬುವಂಥದ್ದಲ್ಲ.

ಎರಡೂ ಒಟ್ಟಿಗಿರುವ ಫಾರಂಗಳೂ ಇವೆ. ಅಮೆರಿಕದ ತೆರಿಗೆ ಇಲಾಖೆಯ ಎಷ್ಟೋ ಫಾರಂಗಳು ಹೀಗಿವೆ. ಅಲ್ಲಿರುವ ಕನ್ನಡಿಗರು ಡಬ್ಲ್ಯು-9 ತುಂಬಿಸಲು ಹೋಗಿ, ತುಂಬಿದ್ದು ಅಡೋಬ್‌ನಲ್ಲಿ ಕಾಣುವುದಿಲ್ಲ ಎಂದರೆ ಮೊದಲು ಇದನ್ನು ಅನುಮಾನಿಸಿ. ಅಡೋಬ್ ಒಳಗಿನ ಎಕ್ಸ್‌ಎಫ್‌ಎ ಭಾಗವನ್ನು ಓದುತ್ತಿರುತ್ತದೆ, ನೀವು ತುಂಬಿದ್ದು ಇನ್ನೊಂದು ಭಾಗವನ್ನು. ತುಂಬುವ ಮುಂಚೆ ಆಕ್ರೋಫಾರಂ ಒಳಗಿನ ಎಕ್ಸ್‌ಎಫ್‌ಎ ಕೀಯನ್ನು ಅಳಿಸಿದರೆ ಸರಿಹೋಗುತ್ತದೆ. ಪಿಡಿಎಫ್‌ಟಿಕೆ ಎಂಬ ತಂತ್ರಾಂಶದಲ್ಲಿ ಇದಕ್ಕೆಂದೇ ಡ್ರಾಪ್_ಎಕ್ಸ್‌ಎಫ್‌ಎ ಎಂಬ ಆಯ್ಕೆ ಇದೆ.

ಫೈಲಿಗೆ ಪಾಸ್‌ವರ್ಡ್ ಇದ್ದರೆ, ತುಂಬಲು ಅನುಮತಿ ಇಲ್ಲದಿದ್ದರೆ, ಬೀಗ ಒಡೆಯಲು ಹೋಗಬೇಡಿ. ಫಾರಂ ಕೊಟ್ಟವರನ್ನೇ ಕೇಳಿ.

ಹಂತ 2: ಫೀಲ್ಡ್‌ಗಳ ಹೆಸರು ಬರೆದಿಟ್ಟುಕೊಳ್ಳಿ

ಗೆಟ್_ಫೀಲ್ಡ್ಸ್ ಕೊಟ್ಟ ಪಟ್ಟಿಯನ್ನು ಒಂದು ಫೈಲಿಗೆ ಹಾಕಿಕೊಳ್ಳಿ. ಹೆಸರುಗಳು ಚೆನ್ನಾಗಿಯೇ ಇರುತ್ತವೆ ಎಂದುಕೊಳ್ಳಬೇಡಿ. "ಟೆಕ್ಸ್ಟ್17" ಅಂತ ಇದ್ದರೆ ಅದು ತಂದೆಯ ಹೆಸರೋ ತಾಲ್ಲೂಕೋ ಹೇಗೆ ಗೊತ್ತಾಗಬೇಕು?

ಸುಲಭದ ದಾರಿ ಹೀಗಿದೆ. ಪ್ರತಿ ಪಠ್ಯ ಫೀಲ್ಡ್‌ನಲ್ಲೂ ಅದರದೇ ಹೆಸರನ್ನು ತುಂಬಿಸಿ ಒಂದು ಪ್ರಿಂಟ್ ತೆಗೆಯಿರಿ. ಆ ಕಾಗದವೇ ನಿಮ್ಮ ನಕ್ಷೆ. ಅದನ್ನು ನೋಡಿಕೊಂಡು ಎಕ್ಸೆಲ್‌ನ ಯಾವ ಕಾಲಂ ಯಾವ ಫೀಲ್ಡ್‌ಗೆ ಹೋಗಬೇಕು ಎಂದು ಕೋಡ್‌ನಲ್ಲಿ ಬರೆಯಿರಿ. ಸ್ಪೆಲ್ಲಿಂಗ್, ದೊಡ್ಡಕ್ಷರ, ನಡುವಿನ ಖಾಲಿ ಜಾಗ, ಚುಕ್ಕಿ ಎಲ್ಲವೂ ಇದ್ದ ಹಾಗೇ ಇರಬೇಕು. ಹೆಸರು ಒಂದಕ್ಷರ ತಪ್ಪಿದರೂ ಆ ಫೀಲ್ಡ್ ಸದ್ದಿಲ್ಲದೆ ಖಾಲಿ ಉಳಿಯುತ್ತದೆ.

ಟಿಕ್ ಹಾಕುವ ಡಬ್ಬಿಗಳ ವಿಷಯ ಬೇರೆ. ಅಲ್ಲಿ ಟ್ರೂ ಅಂತಲೋ ಎಸ್ ಅಂತಲೋ ಬರೆದರೆ ಸಾಲದು. ಪ್ರತಿ ಡಬ್ಬಿಗೂ ಫಾರಂ ಮಾಡಿದವರು ಒಂದು ಸ್ಥಿತಿಯ ಹೆಸರು ಕೊಟ್ಟಿರುತ್ತಾರೆ. ಒಂದರಲ್ಲಿ ಎಸ್, ಇನ್ನೊಂದರಲ್ಲಿ ಆನ್, ಮತ್ತೊಂದರಲ್ಲಿ 1. ಟಿಕ್ ಇಲ್ಲದ ಸ್ಥಿತಿಗೆ ಮಾತ್ರ ಯಾವಾಗಲೂ ಆಫ್. ಗೆಟ್_ಫೀಲ್ಡ್ಸ್ ಪಟ್ಟಿಯಲ್ಲಿ ಸ್ಟೇಟ್ಸ್ ಎಂಬಲ್ಲಿ ಈ ಹೆಸರುಗಳು ಸಿಗುತ್ತವೆ. ಅದನ್ನು ಮುಂದಿನ ಓರೆಗೆರೆಯ ಸಮೇತ ಹಾಗೇ ಕೊಡಬೇಕು. ಗಂಡು, ಹೆಣ್ಣು, ಇತರೆ ಎಂದು ಒಂದನ್ನೇ ಆರಿಸುವ ರೇಡಿಯೊ ಬಟನ್‌ಗೂ ಇದೇ ನಿಯಮ.

ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ಇರುವ ಫೀಲ್ಡ್‌ಗಳಲ್ಲಿ ಗರಿಷ್ಠ ಅಕ್ಷರಗಳ ಮಿತಿ ಇರುತ್ತದೆ. ನಿಮ್ಮ ಮಾಹಿತಿ ಅದಕ್ಕಿಂತ ಉದ್ದ ಇದೆಯೇ ಎಂದು ಕೋಡ್‌ನಲ್ಲೇ ನೋಡಿ, ಉದ್ದ ಇದ್ದರೆ ಆ ವಿದ್ಯಾರ್ಥಿಯ ಹೆಸರು ತೋರಿಸಿ ನಿಲ್ಲುವಂತೆ ಮಾಡಿ.

ಹಂತ 3: ಎಕ್ಸೆಲ್ ಮಾಹಿತಿಯನ್ನು ಶುಚಿ ಮಾಡಿ

ಪಿಡಿಎಫ್‌ಗಿಂತ ಜಾಸ್ತಿ ತಪ್ಪು ಆಗುವುದು ಇಲ್ಲಿ. ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ವಿದ್ಯಾರ್ಥಿವೇತನದ ಹಣ ಯಾರ ಖಾತೆಗೂ ಹೋಗದೆ ವಾಪಸ್ ಬರಲು ಇಷ್ಟು ಸಾಕು. ಸೊನ್ನೆಯಿಂದ ಶುರುವಾಗುವ ಸಂಖ್ಯೆಯ ಮುಂದಿನ ಸೊನ್ನೆಯೂ ಮಾಯ. ಖಾತೆ ಸಂಖ್ಯೆ, ಆಧಾರ್, ಫೋನ್, ನೋಂದಣಿ ಸಂಖ್ಯೆಯ ಕಾಲಂಗಳನ್ನು ಟೈಪ್ ಮಾಡುವ ಮುಂಚೆಯೇ ಟೆಕ್ಸ್ಟ್ ಎಂದು ಬದಲಾಯಿಸಿ. ಒಮ್ಮೆ ಸೊನ್ನೆಯಾದ ಅಂಕಿ ಆಮೇಲೆ ಟೆಕ್ಸ್ಟ್ ಮಾಡಿದರೆ ಮರಳಿ ಬರುವುದಿಲ್ಲ, ಪಾಸ್‌ಬುಕ್ ನೋಡಿ ಮತ್ತೆ ತುಂಬಬೇಕು.

ನಂತರ ಸಿಎಸ್‌ವಿ ಯುಟಿಎಫ್-8 ಆಗಿ ಉಳಿಸಿ. ಸಿಎಸ್‌ವಿ ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯದ ಫೈಲ್. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಪೈಥಾನ್‌ನಲ್ಲಿ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8-ಸಿಗ್ ಎಂದು ಕೊಡಿ. ಎಕ್ಸೆಲ್ ಫೈಲಿನ ಶುರುವಿನಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಅದನ್ನು ತೆಗೆಯದಿದ್ದರೆ ಮೊದಲ ಕಾಲಂ ಮಾತ್ರ "ಸಿಗುತ್ತಿಲ್ಲ" ಎಂದು ಕೋಡ್ ಹೇಳುತ್ತಿರುತ್ತದೆ, ನೀವು ಹುಡುಕುತ್ತಲೇ ಇರುತ್ತೀರಿ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಕಣ್ಣಿಗೆ ಅದು ಕನ್ನಡವೇ. ಕಂಪ್ಯೂಟರ್‌ಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು.

ಹಂತ 4: ತುಂಬಿಸಿ, ಅಚ್ಚೊತ್ತಿ

ಪ್ರತಿ ವಿದ್ಯಾರ್ಥಿಗೂ ಹೊಸ ಪಿಡಿಎಫ್‌ರೈಟರ್ ಮಾಡಿ. ಖಾಲಿ ಫಾರಂ ಅನ್ನು ಅದಕ್ಕೆ ಅಪೆಂಡ್ ಆಜ್ಞೆಯಿಂದ ಸೇರಿಸಿ. ಇಲ್ಲಿ ಆ್ಯಡ್_ಪೇಜ್ ಬಳಸಬೇಡಿ. ಅದು ಪುಟವನ್ನು ಮಾತ್ರ ತರುತ್ತದೆ, ಫಾರಂನ ಆಕ್ರೋಫಾರಂ ಭಾಗ ಹಿಂದೆಯೇ ಉಳಿಯುತ್ತದೆ. "ಆಕ್ರೋಫಾರಂ ಇಲ್ಲ" ಎಂಬ ದೋಷ ಬಂದರೆ ಹೆಚ್ಚಿನ ಸಲ ಕಾರಣ ಇದೇ.

ಆಮೇಲೆ ಪ್ರತಿ ಪುಟಕ್ಕೂ ಅಪ್‌ಡೇಟ್_ಪೇಜ್_ಫಾರಂ_ಫೀಲ್ಡ್_ವ್ಯಾಲ್ಯೂಸ್ ಕರೆಯಿರಿ. ಅದಕ್ಕೆ ಮೊದಲು ಪುಟ, ನಂತರ ಫೀಲ್ಡ್ ಹೆಸರು ಮತ್ತು ಬೆಲೆಗಳ ಜೋಡಿ ಕೊಡಬೇಕು. 3 ಪುಟ ಇದ್ದರೆ ಮೂರಕ್ಕೂ ಕರೆಯಬೇಕು. ಮೊದಲ ಪುಟ ಮಾತ್ರ ತುಂಬಿ ಉಳಿದೆರಡು ಖಾಲಿ ಬಂದವರು ಇದನ್ನು ಮರೆತಿರುತ್ತಾರೆ.

ಇದರ ಜೊತೆಗೆ ಆಟೋ_ರೀಜನರೇಟ್ ಎಂಬುದನ್ನು ಫಾಲ್ಸ್ ಎಂದು ಕೊಡಿ. ಟ್ರೂ ಇದ್ದರೆ ಫೈಲಿನಲ್ಲಿ ನೀಡ್‌ಅಪಿಯರೆನ್ಸಸ್ ಎಂಬ ಸೂಚನೆ ಕೂರುತ್ತದೆ. "ರೂಪಗಳನ್ನು ತೆರೆಯುವವರೇ ಬರೆದುಕೊಳ್ಳಿ" ಎಂದು ಅದರ ಅರ್ಥ. ತೆರೆದು ಮುಚ್ಚುವಾಗಲೆಲ್ಲ "ಬದಲಾವಣೆ ಉಳಿಸಬೇಕೇ?" ಎಂದು ಅಡೋಬ್ ಕೇಳುವುದೂ ಇದರಿಂದಲೇ. ಫಾಲ್ಸ್ ಕೊಟ್ಟಾಗ ಪೈಪಿಡಿಎಫ್ ಬರೆದ ರೂಪವೇ ನಿಲ್ಲುತ್ತದೆ.

ಈಗ ಫೈಲನ್ನು ಉಳಿಸಿ. ಹೆಸರು 001, 002, 003 ಹೀಗಿರಲಿ. 1, 2, 3 ಎಂದು ಕೊಟ್ಟರೆ ಅಕ್ಷರ ಕ್ರಮದಲ್ಲಿ ಜೋಡಿಸುವಾಗ 1 ಆದ ಮೇಲೆ 10, ನಂತರ 100 ಬರುತ್ತದೆ.

ಮುಂದಿನದು ಅಚ್ಚೊತ್ತುವುದು. ಇಂಗ್ಲಿಷ್‌ನಲ್ಲಿ ಇದಕ್ಕೆ ಫ್ಲ್ಯಾಟನ್ ಅನ್ನುತ್ತಾರೆ. ಫೀಲ್ಡ್‌ನ ರೂಪವನ್ನು ಪುಟದ ಮೇಲೇ ಬರೆದು, ಫೀಲ್ಡ್ ಅನ್ನು ತೆಗೆದುಹಾಕುವುದು. ಆಮೇಲೆ ಅದು ಸಾಮಾನ್ಯ ಪುಟ. ಯಾವ ಫೋನಿನಲ್ಲಿ ತೆರೆದರೂ ಒಂದೇ ಥರ ಕಾಣುತ್ತದೆ, ಯಾರೂ ಕ್ಲಿಕ್ ಮಾಡಿ ತಿದ್ದಲೂ ಆಗುವುದಿಲ್ಲ. ಕ್ಯೂಪಿಡಿಎಫ್ ಆಜ್ಞೆಗೆ ಎರಡು ಅಡ್ಡಗೆರೆ ಹಾಕಿ ಫ್ಲ್ಯಾಟನ್-ಅನೋಟೇಶನ್ಸ್ ಎಂದು ಬರೆದು, ಸಮ ಚಿಹ್ನೆ ಹಾಕಿ ಆಲ್ ಎಂದು ಕೊಡಿ. ನಂತರ ಒಳಗಿನ ಫೈಲ್, ಹೊರಬರಬೇಕಾದ ಫೈಲ್. ಬೇರೆ ತಂತ್ರಾಂಶಗಳನ್ನು ಕೋಡ್‌ನಿಂದಲೇ ಓಡಿಸುವ ಪೈಥಾನ್‌ನ ಸಬ್‌ಪ್ರೊಸೆಸ್‌ನಿಂದ ಇದನ್ನು 200 ಸಲ ಓಡಿಸಿದರೆ ಮುಗಿಯಿತು.

"ರೂಪಗಳು ಹೊಸದಾಗಿಲ್ಲ, ಹಾಗಾಗಿ ಫೀಲ್ಡ್‌ಗಳನ್ನು ಫ್ಲ್ಯಾಟನ್ ಮಾಡುವುದಿಲ್ಲ" ಎಂಬ ಅರ್ಥದ ಎಚ್ಚರಿಕೆ ಬಂದರೆ ನೀವು ಆಟೋ_ರೀಜನರೇಟ್ ಅನ್ನು ಫಾಲ್ಸ್ ಮಾಡಿಲ್ಲ ಎಂದೇ ಲೆಕ್ಕ. ಆ ಎಚ್ಚರಿಕೆಯನ್ನು ಕಡೆಗಣಿಸಬೇಡಿ. ಫೈಲ್ ಹೊರಬಂದರೂ ಫೀಲ್ಡ್‌ಗಳು ಹಾಗೇ ಉಳಿದಿರುತ್ತವೆ.

ಅಚ್ಚೊತ್ತಿದ ಮೇಲೆ ತಿದ್ದಲು ಬರುವುದಿಲ್ಲ. ಖಾಲಿ ಮೂಲ ಫಾರಂ ಮತ್ತು ಸಿಎಸ್‌ವಿ ಎರಡನ್ನೂ ಜೋಪಾನವಾಗಿಡಿ. ತಪ್ಪು ಕಂಡರೆ ಸಿಎಸ್‌ವಿಯಲ್ಲಿ ತಿದ್ದಿ ಮತ್ತೆ ಓಡಿಸಿ.

ಹಂತ 5: ಕನ್ನಡ ತುಂಬುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷ್‌ನಲ್ಲಿ ಬರೆದ ಪಾಠಗಳಲ್ಲಿ ನಮ್ಮ ಈ ತೊಂದರೆಯ ಸುದ್ದಿಯೇ ಇರುವುದಿಲ್ಲ.

ಫಾರಂ ಫೀಲ್ಡ್‌ಗಳು ಸಾಮಾನ್ಯವಾಗಿ ಹೆಲ್ವೆಟಿಕಾದಂಥ ಫಾಂಟ್‌ಗೆ ಕಟ್ಟಿಕೊಂಡಿರುತ್ತವೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಚೌಕ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಫಾಂಟ್ ಬದಲಾಯಿಸಿದರೆ ಸರಿಹೋಯಿತೇ? ಇಲ್ಲ. "ಮೂರ್ತಿ" ಎಂದು ಬರೆಯುವಾಗ ಅದರ "ರ್ತಿ"ಗೆ ಕಂಪ್ಯೂಟರ್ ಒಳಗೆ ರ, ನಂತರ ವಿರಾಮ (ಅರ್ಧಾಕ್ಷರದ ಚಿಹ್ನೆ), ನಂತರ ತ, ಕೊನೆಗೆ ಗುಣಿತದ ಚಿಹ್ನೆ ಈ ಸಾಲಿನಲ್ಲಿರುತ್ತವೆ. ನಮಗೆ ಕಾಣಬೇಕಾದದ್ದು ಮೊದಲು ತಿ, ಅದರ ಪಕ್ಕ ಅರ್ಕಾವೊತ್ತು. ಅಕ್ಷರಗಳನ್ನು ಹೀಗೆ ಜೋಡಿಸಿ ಆಕಾರ ಕೊಡುವ ಕೆಲಸಕ್ಕೆ ಶೇಪಿಂಗ್ ಅನ್ನುತ್ತಾರೆ. ಫಾರಂ ತುಂಬುವ ಸಾಮಾನ್ಯ ಕೋಡ್ ಇದನ್ನು ಮಾಡುವುದಿಲ್ಲ. ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕದಲ್ಲಿ ಬಿದ್ದಿರುವುದು ಅದಕ್ಕೇ.

ಒಬ್ಬ ಹುಡುಗಿಯ ಹೆಸರು ಅವಳ ಅರ್ಜಿಯಲ್ಲಿ ಒಡೆದು ಬಂದರೆ ಅದು ತಪ್ಪೇ. "ಓದಿದರೆ ಅರ್ಥ ಆಗುತ್ತಲ್ವಾ" ಎಂದು ಬಿಡಬೇಡಿ.

ನನಗೆ ನಂಬಿಕೆ ಇರುವ ದಾರಿ ಇದು. ಕನ್ನಡದ ಫೀಲ್ಡ್‌ಗಳನ್ನು ಖಾಲಿ ಬಿಡಿ. ಅವುಗಳ ಜಾಗವನ್ನು ಮಾತ್ರ ತಿಳಿದುಕೊಳ್ಳಿ. ಪುಟದ ಆ್ಯನಟ್ಸ್ ಪಟ್ಟಿಯಲ್ಲಿ ಪ್ರತಿ ಫೀಲ್ಡ್‌ಗೂ ರೆಕ್ಟ್ ಎಂದು ನಾಲ್ಕು ಸಂಖ್ಯೆ ಇರುತ್ತವೆ: ಎಡ, ಕೆಳ, ಬಲ, ಮೇಲಿನ ಅಂಚುಗಳು. ಅಳತೆ ಪಾಯಿಂಟ್‌ಗಳಲ್ಲಿ, 72 ಪಾಯಿಂಟ್‌ಗೆ ಒಂದು ಇಂಚು. ಎ4 ಹಾಳೆ ಸುಮಾರು 595 ಅಗಲ, 842 ಎತ್ತರ.

ನಂತರ ಎಫ್‌ಪಿಡಿಎಫ್2ನಲ್ಲಿ ಅದೇ ಅಳತೆಯ ಖಾಲಿ ಪುಟ ಮಾಡಿ. ಯೂನಿಟ್ ಪಿಟಿ ಎಂದು ಕೊಡುವುದು ಮರೆಯಬೇಡಿ, ಕೊಡದಿದ್ದರೆ ಅದು ಮಿಲಿಮೀಟರ್ ಎಂದುಕೊಳ್ಳುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಸೇರಿಸಿ, ಸೆಟ್_ಟೆಕ್ಸ್ಟ್_ಶೇಪಿಂಗ್ ಅನ್ನು ಟ್ರೂ ಮಾಡಿ. ಈ ಒಂದು ಸಾಲೇ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವುದು. ಯುಹಾರ್ಫ್‌ಬಝ್ ಬೇಕಾಗುವುದೂ ಇದಕ್ಕೇ.

ಪಿಡಿಎಫ್ ಕೆಳಗಿನ ಎಡ ಮೂಲೆಯಿಂದ ಅಳೆಯುತ್ತದೆ, ಎಫ್‌ಪಿಡಿಎಫ್2 ಮೇಲಿನ ಎಡ ಮೂಲೆಯಿಂದ. ಫೀಲ್ಡ್‌ನ ಕೆಳ ಅಂಚು 640 ಇದ್ದರೆ 842ರಿಂದ 640 ಕಳೆಯಿರಿ, 202 ಬರುತ್ತದೆ. ಅದಕ್ಕಿಂತ 6 ಪಾಯಿಂಟ್ ಮೇಲೆ, ಅಂದರೆ 196ರಲ್ಲಿ ಬರೆಯಿರಿ. ಇಂಗ್ಲಿಷ್‌ಗೆ 3 ಪಾಯಿಂಟ್ ಸಾಕಾಗಬಹುದು. ಕನ್ನಡದ ಒತ್ತುಗಳು ಕೆಳಗೆ ಇಳಿಯುತ್ತವೆ, ಅವಕ್ಕೆ ಜಾಗ ಬಿಡಬೇಕು.

ಹೀಗೆ ಮಾಡಿದ ಪುಟವನ್ನು ಫಾರಂ ಪುಟದ ಮೇಲೆ ಮರ್ಜ್_ಪೇಜ್ ಆಜ್ಞೆಯಿಂದ ಕೂರಿಸಿ. ಆದರೆ ಅಚ್ಚೊತ್ತಿದ ನಂತರವೇ ಕೂರಿಸಬೇಕು. ಫೀಲ್ಡ್‌ಗಳಿಗೆ ಹಿನ್ನೆಲೆ ಬಣ್ಣ ಇದ್ದರೆ ಅದು ಪುಟದ ಮೇಲಿನ ಪದರದಲ್ಲಿ ಕೂತು ನಿಮ್ಮ ಕನ್ನಡವನ್ನು ಮುಚ್ಚಿಬಿಡುತ್ತದೆ.

ಪರೀಕ್ಷೆಗೆ ಕೃಷ್ಣಮೂರ್ತಿ, ಲಕ್ಷ್ಮಿ, ಸ್ವಾತಂತ್ರ್ಯ ಈ ಮೂರು ಪದ ಹಾಕಿ ನೋಡಿ. ಮೂರೂ ಸರಿ ಬಂದರೆ ಉಳಿದದ್ದೂ ಬಹುತೇಕ ಸರಿ ಬರುತ್ತದೆ.

ಹಂತ 6: ಒಟ್ಟು ಸೇರಿಸುವುದು

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಿಡಿಎಫ್‌ನ ನಿಯಮದಲ್ಲಿ ಪೂರ್ತಿ ಹೆಸರು ಒಂದೇ ಆದರೆ ಫೀಲ್ಡ್ ಕೂಡ ಒಂದೇ. ಒಂದು ಫೀಲ್ಡ್‌ಗೆ ಒಂದೇ ಬೆಲೆ. ಅಚ್ಚೊತ್ತದ 200 ಅರ್ಜಿ ಸೇರಿಸಿದರೆ "ಹೆಸರು" ಎಂಬ ಫೀಲ್ಡ್ 200 ಕಡೆ ಇರುತ್ತದೆ. ಒಂದರ ಬೆಲೆ ಎಲ್ಲದಕ್ಕೂ ಹೋಗುತ್ತದೆ. ಮೊದಲು ತೆರೆದಾಗ ಸರಿ ಕಂಡರೂ, ಒಂದು ಕಡೆ ತಿದ್ದಿದೊಡನೆ ಎಲ್ಲಾ ಕಡೆ ಬದಲಾಗುತ್ತದೆ. ಅಚ್ಚೊತ್ತಿ ಸೇರಿಸಿದರೆ ಫೀಲ್ಡ್‌ಗಳೇ ಇಲ್ಲದ ಕಾರಣ ಈ ತೊಂದರೆ ಹುಟ್ಟುವುದೇ ಇಲ್ಲ.

ಸೇರಿಸಲು ಹೊಸ ಪಿಡಿಎಫ್‌ರೈಟರ್ ಮಾಡಿ, ಫೈಲ್‌ಗಳನ್ನು ಒಂದೊಂದಾಗಿ ಅಪೆಂಡ್ ಮಾಡಿ. ಅಪೆಂಡ್ ಮಾಡುವಾಗ ಔಟ್‌ಲೈನ್_ಐಟಂ ಎಂಬಲ್ಲಿ ವಿದ್ಯಾರ್ಥಿಯ ಹೆಸರು ಕೊಟ್ಟರೆ ಪಕ್ಕದಲ್ಲಿ ಬುಕ್‌ಮಾರ್ಕ್ ಪಟ್ಟಿ ಬರುತ್ತದೆ. 600 ಪುಟದಲ್ಲಿ ಒಬ್ಬರದನ್ನು ಹುಡುಕಲು ಇದು ತುಂಬಾ ಅನುಕೂಲ.

ಎರಡೂ ಬದಿ ಪ್ರಿಂಟ್ ತೆಗೆಯುವವರೇ, ಇದನ್ನು ಓದಿಯೇ ಮುಂದೆ ಹೋಗಿ. ಅರ್ಜಿ 3 ಪುಟದ್ದು. ಹಾಗೇ ಪ್ರಿಂಟ್ ಕೊಟ್ಟರೆ ಮೊದಲ ವಿದ್ಯಾರ್ಥಿಯ 3ನೇ ಪುಟದ ಹಿಂಬದಿಗೆ ಎರಡನೆಯವರ 1ನೇ ಪುಟ ಬರುತ್ತದೆ. ಪ್ರತಿ ಅರ್ಜಿಯ ಕೊನೆಗೆ ಆ್ಯಡ್_ಬ್ಲ್ಯಾಂಕ್_ಪೇಜ್ ಆಜ್ಞೆಯಿಂದ ಒಂದು ಖಾಲಿ ಪುಟ ಸೇರಿಸಿ.

ಫೈಲ್ ತುಂಬಾ ದೊಡ್ಡದಾಯಿತೇ? ಸಂಸ್ಥೆಯ ಲಾಂಛನ, ಫಾಂಟ್ ಎಲ್ಲವೂ 200 ಸಲ ಒಳಗೆ ಕೂತಿರುತ್ತವೆ. ಉಳಿಸುವ ಮುಂಚೆ ಕಂಪ್ರೆಸ್_ಐಡೆಂಟಿಕಲ್_ಆಬ್ಜೆಕ್ಟ್ಸ್ ಕರೆದರೆ ಒಂದೇ ಥರದವು ಒಂದೇ ಪ್ರತಿಯಾಗಿ ಉಳಿಯುತ್ತವೆ.

ಸೇರಿಸಿದ ಮೇಲೂ ತುಂಬುವಂತೆ ಇರಬೇಕು ಎನ್ನುವವರು ಅಚ್ಚೊತ್ತಬೇಡಿ. ಅದರ ಬದಲು ಪ್ರತಿ ಫೈಲ್ ಸೇರಿಸುವ ಮುಂಚೆ ಅದರ ಪಿಡಿಎಫ್‌ರೀಡರ್ ಮೇಲೆ ಆ್ಯಡ್_ಫಾರಂ_ಟಾಪ್‌ನೇಮ್ ಕರೆದು 001, 002 ಎಂದು ಬೇರೆ ಬೇರೆ ಹೆಸರು ಕೊಡಿ. ಫೀಲ್ಡ್‌ಗಳ ಪೂರ್ತಿ ಹೆಸರು ಬೇರೆಯಾಗುತ್ತದೆ, ಬೆಲೆಗಳು ಬೆರೆಯುವುದಿಲ್ಲ.

ಹಂತ 7: ಕಳಿಸುವ ಮುಂಚೆ

ಪುಟಗಳ ಲೆಕ್ಕ ನೋಡಿ. ಖಾಲಿ ಪುಟ ಸೇರಿ 200 ಅರ್ಜಿಗೆ 800 ಪುಟ ಇರಬೇಕು. ಒಂದು ಕಡಿಮೆ ಇದ್ದರೂ ಕೋಡ್ ನಿಲ್ಲಲಿ. ಮೊದಲನೆಯದು, ಕೊನೆಯದು, ಅತಿ ಉದ್ದದ ವಿಳಾಸ ಇರುವುದು, ಈ ಮೂರನ್ನು ಕಣ್ಣಾರೆ ನೋಡಿ. ಕಂಪ್ಯೂಟರ್‌ನ ಅಡೋಬ್ ರೀಡರ್, ಕ್ರೋಮ್ ಬ್ರೌಸರ್, ಒಂದು ಫೋನ್, ಹೀಗೆ ಮೂರು ಕಡೆ ತೆರೆಯಿರಿ.

ಮಕ್ಕಳ ಆಧಾರ್, ಖಾತೆ ಸಂಖ್ಯೆ ಇರುವ ಫೈಲ್‌ಗಳನ್ನು "ಉಚಿತವಾಗಿ ಪಿಡಿಎಫ್ ಸೇರಿಸಿ ಕೊಡುತ್ತೇವೆ" ಎನ್ನುವ ತಾಣಗಳಿಗೆ ಹಾಕಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲೇ ಆಗುವ ಕೆಲಸ ಇದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಆ ಮಾಹಿತಿ ನಮ್ಮನ್ನು ನಂಬಿ ಕೊಟ್ಟದ್ದು. ಕೆಲಸ ಮುಗಿದ ಮೇಲೆ ನಡುವೆ ಹುಟ್ಟಿದ 001ರಿಂದ 200ರವರೆಗಿನ ಫೈಲ್‌ಗಳನ್ನು ಅಳಿಸಿ.

ಡಿಜಿಟಲ್ ಸಹಿ ಹಾಕಬೇಕಿದ್ದರೆ ಎಲ್ಲ ಮುಗಿದ ಮೇಲೆ, ಕೊನೆಯ ಫೈಲಿಗೆ ಹಾಕಿ. ಸಹಿ ಹಾಕಿದ ಫೈಲನ್ನು ತುಂಬಿಸಿ, ಅಚ್ಚೊತ್ತಿ, ಇನ್ನೊಂದಕ್ಕೆ ಸೇರಿಸಿದರೆ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಸಹಿ ಆಗಿಯೇ ನಿಮ್ಮ ಕೈಗೆ ಬಂದ ಫೈಲ್‌ಗಳಿದ್ದರೆ ಅವನ್ನು ಸೇರಿಸದೆ ಬೇರೆಯಾಗಿಯೇ ಕಳಿಸಿ.